ನಾಗರಿಕ ಪತ್ರಿಕೋದ್ಯಮ ಮತ್ತು ಪುರಾವೆಯ ಹೊಣೆ

2007ರ ಜನವರಿಯಲ್ಲಿ ಅರ್ಜೆಂಟೀನಾ ಸರ್ಕಾರವು ರಾಷ್ಟ್ರೀಯ ಅಂಕಿಅಂಶ ಸಂಸ್ಥೆಯಾದ ಇಂಡೆಕ್‌ನಲ್ಲಿ ಗ್ರಾಹಕ ಬೆಲೆ ಸೂಚ್ಯಂಕದ ಹೊಣೆ ಹೊತ್ತಿದ್ದ ಅಧಿಕಾರಿಯನ್ನು ಆ ಸ್ಥಾನದಿಂದ ತೆಗೆಯಿತು. ಅಲ್ಲಿಂದ ಮುಂದೆ ಸರ್ಕಾರ ಪ್ರಕಟಿಸುತ್ತಿದ್ದ ಹಣದುಬ್ಬರಕ್ಕೂ ಜನರು ನಿತ್ಯ ತೆರುತ್ತಿದ್ದ ಬೆಲೆಗೂ ತಾಳೆಯಾಗದಂತಾಯಿತು. ಇದು ಜನಕ್ಕೆ ಗೊತ್ತಾಗದ ಸಂಗತಿಯೇನಲ್ಲ. ಆದರೆ ಅಂತರ ಎಷ್ಟೆಂದು ಪುರಾವೆಯೊಂದಿಗೆ ಹೇಳುವುದು ಸುಲಭವಿರಲಿಲ್ಲ. ಆಗ ಇನ್ನೂ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಆಲ್ಬರ್ಟೊ ಕವಾಲೊ ಅವರು ದೊಡ್ಡ ಸೂಪರ್‌ಮಾರ್ಕೆಟ್‌ಗಳು ತಮ್ಮ ಜಾಲತಾಣಗಳಲ್ಲಿ ಹಾಕುತ್ತಿದ್ದ ಬೆಲೆಗಳನ್ನು ದಿನವೂ ತಾನಾಗಿ ಸಂಗ್ರಹಿಸುವ ಒಂದು ಪ್ರೋಗ್ರಾಂ ಬರೆದರು. 2007ರ ಅಕ್ಟೋಬರ್‌ನಿಂದ 2011ರ ಮಾರ್ಚ್‌ವರೆಗಿನ ಅವಧಿಯಲ್ಲಿ ಆ ಬೆಲೆಗಳ ಲೆಕ್ಕದಿಂದ ಹೊರಟ ವಾರ್ಷಿಕ ಹಣದುಬ್ಬರ ಸರಾಸರಿ ಶೇಕಡ 20ರ ಸುಮಾರಿನಲ್ಲಿತ್ತು; ಸರ್ಕಾರ ಹೇಳುತ್ತಿದ್ದುದು ಶೇಕಡ 8ರ ಸುಮಾರು. 2011ರಲ್ಲಿ ಸರ್ಕಾರವು ತನ್ನದಕ್ಕಿಂತ ಬೇರೆ ಅಂಕಿ ಪ್ರಕಟಿಸಿದ ಖಾಸಗಿ ಅರ್ಥಶಾಸ್ತ್ರ ಸಲಹಾ ಸಂಸ್ಥೆಗಳಿಗೆ ತಲಾ 5 ಲಕ್ಷ ಪೆಸೊ ದಂಡ ವಿಧಿಸಲು ಹೊರಟಾಗ, ಸಂಸತ್ತಿನ ವಿರೋಧ ಪಕ್ಷದ ಸದಸ್ಯರು ಆ ಸಂಸ್ಥೆಗಳ ಅಂದಾಜುಗಳ ಸರಾಸರಿಯನ್ನು ಸಂಸದರಿಗಿರುವ ರಕ್ಷಣೆಯ ಅಡಿಯಲ್ಲಿ ತಾವೇ ಪ್ರತಿ ತಿಂಗಳೂ ಘೋಷಿಸತೊಡಗಿದರು. 2013ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯು ಅರ್ಜೆಂಟೀನಾದ ಅಂಕಿಅಂಶಗಳ ಬಗ್ಗೆ ಅಧಿಕೃತ ಖಂಡನೆಯನ್ನು ಹೊರಡಿಸಿತು. ಒಂದು ಸದಸ್ಯ ರಾಷ್ಟ್ರದ ಮೇಲೆ ನಿಧಿ ಇಂತಹ ಕ್ರಮ ಕೈಗೊಂಡದ್ದು ಅದೇ ಮೊದಲು.

ಈ ಪ್ರಸಂಗದಲ್ಲಿ ಗುಪ್ತ ಮೂಲಗಳಿಲ್ಲ, ಸೋರಿಕೆಯಾದ ಕಡತವಿಲ್ಲ, ಪತ್ರಿಕಾ ಕಚೇರಿಯೂ ಇಲ್ಲ. ಎಲ್ಲರ ಕಣ್ಣೆದುರಿಗೇ ಇದ್ದ ಬೆಲೆಗಳನ್ನು ತಾಳ್ಮೆಯಿಂದ ಕೂಡಿಹಾಕಿ, ಕೂಡಿಸಿದ ಬಗೆಯನ್ನೂ ಬಿಚ್ಚಿಟ್ಟದ್ದಷ್ಟೇ ಅದರ ಬಲ. ಅನುಮಾನವಿದ್ದವರು ಅದೇ ಕೆಲಸವನ್ನು ಮತ್ತೆ ಮಾಡಿ ನೋಡಬಹುದಿತ್ತು. ಸ್ವತಂತ್ರ ನಾಗರಿಕ ಪತ್ರಿಕೋದ್ಯಮದ ಬಗ್ಗೆ ಮಾತು ಬಂದಾಗ ನಮ್ಮ ಮನಸ್ಸಿಗೆ ಮೊದಲು ಬರುವುದು ಬೀದಿಯಲ್ಲಿ ಮೊಬೈಲ್ ಹಿಡಿದು ನಿಂತ ಪ್ರತ್ಯಕ್ಷದರ್ಶಿಯ ಚಿತ್ರ, ಇಲ್ಲವೇ ಕ್ಯಾಮೆರಾ ಮುಂದೆ ಕುಳಿತು ಜಗತ್ತಿನ ರಾಜಕಾರಣವನ್ನು ಗಂಟೆಗಟ್ಟಲೆ ವಿವರಿಸುವ ವ್ಯಾಖ್ಯಾನಕಾರನ ಚಿತ್ರ. ಮೊದಲನೆಯದಕ್ಕೆ ಬೆಲೆಯಿದೆ, ಎರಡನೆಯದಕ್ಕೆ ಮಾರುಕಟ್ಟೆಯಿದೆ. ಆದರೆ ಕಳೆದ ಎರಡೂವರೆ ದಶಕಗಳಲ್ಲಿ ಈ ಬಗೆಯ ಪತ್ರಿಕೋದ್ಯಮ ಸಾಧಿಸಿದ್ದರಲ್ಲಿ ಉಳಿದು ನಿಂತದ್ದು ಯಾವುದೆಂದು ನೋಡಿದರೆ, ಓದುಗನು ಸ್ವತಃ ಪರೀಕ್ಷಿಸಬಹುದಾದ ಪುರಾವೆಯನ್ನು ಮುಂದಿಟ್ಟ ಕೆಲಸಗಳೇ ಹೆಚ್ಚು ಕಾಣುತ್ತವೆ. ಸ್ವತಂತ್ರ ಎಂಬ ಹಣೆಪಟ್ಟಿಯಿಂದ ಯಾವ ವರದಿಯೂ ಸತ್ಯಕ್ಕೆ ಒಂದಿಂಚೂ ಹತ್ತಿರವಾಗುವುದಿಲ್ಲ ಎಂಬುದು ಈ ಲೇಖನದ ವಾದ.

ಈ ಪ್ರಯೋಗಕ್ಕೆ ಆರಂಭದಲ್ಲಿದ್ದ ಉತ್ಸಾಹ ಬೇರೆ ಬಗೆಯದು. 1999ರ ನವೆಂಬರ್‌ನಲ್ಲಿ ಸಿಯಾಟಲ್ ನಗರದಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಸಮ್ಮೇಳನದ ವಿರುದ್ಧ ಪ್ರತಿಭಟನೆ ನಡೆದಾಗ ಹುಟ್ಟಿಕೊಂಡ ಇಂಡಿಮೀಡಿಯಾ ಜಾಲವು, ಯಾರು ಬೇಕಾದರೂ ವರದಿಯನ್ನು ನೇರವಾಗಿ ಪ್ರಕಟಿಸಬಹುದಾದ ವ್ಯವಸ್ಥೆಯನ್ನು ಕಟ್ಟಿತು. ಕೆಲವೇ ತಿಂಗಳ ನಂತರ, 2000ದ ಫೆಬ್ರವರಿ 22ರಂದು, ದಕ್ಷಿಣ ಕೊರಿಯಾದಲ್ಲಿ ಓ ಯಾನ್ ಹೋ ಅವರು ‘ಪ್ರತಿಯೊಬ್ಬ ನಾಗರಿಕನೂ ವರದಿಗಾರ’ ಎಂಬ ಘೋಷಣೆಯೊಂದಿಗೆ 727 ನಾಗರಿಕ ವರದಿಗಾರರನ್ನು ಕಟ್ಟಿಕೊಂಡು ಓಮೈನ್ಯೂಸ್ ಆರಂಭಿಸಿದರು. 2002ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅದರ ಪ್ರಭಾವ ಎಷ್ಟಿತ್ತೆಂದರೆ, ಗೆದ್ದ ರೋ ಮೂ ಹ್ಯುನ್ ಅವರು ತಮ್ಮ ಮೊದಲ ಸಂದರ್ಶನವನ್ನು ದೊಡ್ಡ ದಿನಪತ್ರಿಕೆಗಳಿಗೆ ಕೊಡದೆ ಇದಕ್ಕೆ ಕೊಟ್ಟರು. ಈ ಯಶಸ್ಸನ್ನು ಹೊಗಳುವವರು ಒಂದು ವಿವರವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಓಮೈನ್ಯೂಸ್‌ನಲ್ಲಿ ನಾಗರಿಕರು ಬರೆದುದನ್ನು ಸಂಬಳದ ಸಂಪಾದಕರು ಓದಿ, ಸಂಗತಿಗಳನ್ನು ಪರಿಶೀಲಿಸಿದ ಮೇಲೆಯೇ ಅದು ಪ್ರಕಟವಾಗುತ್ತಿತ್ತು. ಜಗತ್ತಿನ ಎಲ್ಲೆಡೆಯಿಂದ ಬರಹ ಸ್ವೀಕರಿಸುತ್ತಿದ್ದ ಅದರ ಅಂತರರಾಷ್ಟ್ರೀಯ ಆವೃತ್ತಿ 2010ರಲ್ಲಿ ಸುದ್ದಿ ಪ್ರಕಟಣೆಯನ್ನು ನಿಲ್ಲಿಸಿತು. ದೂರದ ದೇಶಗಳಿಂದ ಬಂದ ವರದಿಗಳ ನಿಜಾಂಶವನ್ನು ಪರಿಶೀಲಿಸುವುದು ಸಣ್ಣ ಸಂಪಾದಕ ಬಳಗಕ್ಕೆ ಸಾಧ್ಯವಾಗದೆ ಹೋದದ್ದು ಅದಕ್ಕಿದ್ದ ಮುಖ್ಯ ಕಾರಣಗಳಲ್ಲೊಂದು. ಬರೆಯುವವರಿಗೆ ಬರವಿರಲಿಲ್ಲ. ಪರಿಶೀಲಿಸುವವರು ಸಾಲದೆ ಹೋದರು.

ಪರಿಶೀಲನೆಯ ಈ ಕೊರತೆಯನ್ನು ಬೇರೊಂದು ದಾರಿಯಿಂದ ತುಂಬಿದ್ದು ಸಿರಿಯಾದ ಯುದ್ಧದ ವರ್ಷಗಳು. ಅಲ್ಲಿಗೆ ವಿದೇಶಿ ವರದಿಗಾರರು ಹೋಗುವುದು ಕಷ್ಟವಾದಾಗ ಹೊರಬರುತ್ತಿದ್ದುದು ಸ್ಥಳೀಯರು ಚಿತ್ರೀಕರಿಸಿದ ವಿಡಿಯೊಗಳು ಮಾತ್ರ. ಇಂಗ್ಲೆಂಡಿನ ಎಲಿಯಟ್ ಹಿಗ್ಗಿನ್ಸ್ ಅವರಿಗೆ ಪತ್ರಿಕಾ ವೃತ್ತಿಯ ತರಬೇತಿಯಾಗಲಿ ಅರಬ್ಬೀ ಭಾಷೆಯಾಗಲಿ ತಿಳಿದಿರಲಿಲ್ಲ. 2012ರಿಂದ ಅವರು ಈ ವಿಡಿಯೊಗಳಲ್ಲಿ ಕಾಣುವ ಶಸ್ತ್ರಾಸ್ತ್ರಗಳನ್ನು ಗುರುತಿಸಿ ಬರೆಯತೊಡಗಿದರು, 2014ರ ಜುಲೈನಲ್ಲಿ ಬೆಲ್ಲಿಂಗ್‌ಕ್ಯಾಟ್ ಎಂಬ ತಂಡವನ್ನು ಆರಂಭಿಸಿದರು. ಕೆಲವೇ ದಿನಗಳಲ್ಲಿ, ಜುಲೈ 17ರಂದು, ಮಲೇಷ್ಯಾ ಏರ್‌ಲೈನ್ಸ್‌ನ ಎಂಎಚ್17 ವಿಮಾನವನ್ನು ಪೂರ್ವ ಯುಕ್ರೇನಿನ ಮೇಲೆ ಹೊಡೆದುರುಳಿಸಲಾಯಿತು. ಅದರಲ್ಲಿದ್ದ 298 ಮಂದಿಯೂ ಸತ್ತರು.

ಮುಂದೆ ನಡೆದ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು, ಏಕೆಂದರೆ ಇಡೀ ವಿಧಾನದ ಸ್ವಭಾವ ಅದರಲ್ಲಿ ಕಾಣುತ್ತದೆ. ದುರಂತದ ದಿನ ದೊನೆಟ್ಸ್ಕ್, ತೊರೆಜ್, ಸ್ನಿಜ್ನೆ ಊರುಗಳ ಮೂಲಕ ಬುಕ್ ಮಾದರಿಯ ಕ್ಷಿಪಣಿ ವಾಹನವೊಂದು ಸಾಗಿದ್ದನ್ನು ಸ್ಥಳೀಯರು ಮೊಬೈಲ್‌ಗಳಲ್ಲಿ ಸೆರೆಹಿಡಿದಿದ್ದರು. ಚಿತ್ರದಲ್ಲಿದ್ದ ಕಟ್ಟಡ, ಮರ, ರಸ್ತೆಯ ತಿರುವುಗಳನ್ನು ಉಪಗ್ರಹ ಚಿತ್ರಗಳೊಂದಿಗೆ ಹೋಲಿಸಿ ಪ್ರತಿ ತುಣುಕನ್ನೂ ಎಲ್ಲಿಂದ ತೆಗೆಯಲಾಗಿದೆ ಎಂದು ನಿರ್ಧರಿಸಲಾಯಿತು. ನೆರಳಿನ ದಿಕ್ಕಿನಿಂದ ಗಂಟೆಯನ್ನು ಅಂದಾಜು ಮಾಡಲಾಯಿತು. ಬಳಿಕ ರಷ್ಯಾದ ಸಾಮಾನ್ಯ ಜನರು ಜೂನ್ ತಿಂಗಳಲ್ಲಿ ತಮ್ಮೂರಿನ ರಸ್ತೆಯಲ್ಲಿ ಹಾದುಹೋದ ಸೇನಾ ವಾಹನಗಳ ಸಾಲನ್ನು ಕುತೂಹಲಕ್ಕೆ ಚಿತ್ರೀಕರಿಸಿ ಹಾಕಿದ್ದ ವಿಡಿಯೊಗಳನ್ನು ಹುಡುಕಲಾಯಿತು. ಅವುಗಳಲ್ಲಿ ಕಂಡ ಒಂದು ವಾಹನದ ಪಾರ್ಶ್ವದ ಹೊದಿಕೆಗೆ ಆಗಿದ್ದ ಜಖಂ, ಅರ್ಧ ಅಳಿಸಿಹೋಗಿದ್ದ ಸಂಖ್ಯೆ, ಬಣ್ಣದ ಗುರುತುಗಳು ಯುಕ್ರೇನಿನಲ್ಲಿ ಕಂಡ ವಾಹನಕ್ಕೆ ತಾಳೆಯಾದವು. ಆ ಸಾಲು ಕುರ್ಸ್ಕ್ ನಗರದ 53ನೇ ವಿಮಾನನಿರೋಧಕ ಕ್ಷಿಪಣಿ ದಳಕ್ಕೆ ಸೇರಿದ್ದೆಂದು ಯೋಧರು ಸಾಮಾಜಿಕ ಜಾಲತಾಣದಲ್ಲಿ ಹಾಕಿಕೊಂಡಿದ್ದ ಚಿತ್ರಗಳು ಹೇಳಿದವು. 2018ರ ಮೇ ತಿಂಗಳಲ್ಲಿ ನೆದರ್‌ಲೆಂಡ್ಸ್ ನೇತೃತ್ವದ ಜಂಟಿ ತನಿಖಾ ತಂಡವು ಇದೇ ದಳವನ್ನು ಹೆಸರಿಸಿತು. ರಷ್ಯಾ ಇದನ್ನು ನಿರಾಕರಿಸುತ್ತಲೇ ಬಂದಿದೆ. 2022ರ ನವೆಂಬರ್ 17ರಂದು ಡಚ್ ನ್ಯಾಯಾಲಯವು ಮೂವರಿಗೆ ಅವರ ಗೈರುಹಾಜರಿಯಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು, ನಾಲ್ಕನೆಯ ಆರೋಪಿಯನ್ನು ಬಿಡುಗಡೆ ಮಾಡಿತು.

ಈ ಸರಣಿಯಲ್ಲಿ ಯಾರು ಯಾವ ಕೆಲಸ ಮಾಡಿದರು ಎಂಬುದನ್ನು ಬೇರ್ಪಡಿಸಿ ನೋಡಬೇಕು. ಚಿತ್ರ ತೆಗೆದವರಿಗೆ ತಾವು ಏನನ್ನು ತೆಗೆಯುತ್ತಿದ್ದೇವೆ ಎಂಬುದರ ಪೂರ್ಣ ಅರಿವಿರಲಿಲ್ಲ. ವಿಶ್ಲೇಷಿಸಿದವರು ಸ್ಥಳದಲ್ಲಿರಲಿಲ್ಲ. ದೂರವಾಣಿ ಸಂಭಾಷಣೆಗಳ ದಾಖಲೆ, ವಿಮಾನದ ಅವಶೇಷಗಳ ಪರೀಕ್ಷೆ, ಸಾಕ್ಷಿಗಳ ಹೇಳಿಕೆ ಇವೆಲ್ಲ ತನಿಖಾ ತಂಡದ ಕೈಯಲ್ಲಿದ್ದವು. ಶಿಕ್ಷೆಯಾದದ್ದು ಅವೆಲ್ಲವೂ ಸೇರಿದ್ದರಿಂದ. ನಾಗರಿಕ ಪತ್ರಕರ್ತರೇ ಪ್ರಕರಣವನ್ನು ಬಗೆಹರಿಸಿದರು ಎಂದು ಹೇಳುವುದು ಅತಿಯಾದೀತು, ಅವರಿಲ್ಲದೆಯೂ ಆಗುತ್ತಿತ್ತು ಎನ್ನುವುದು ಕೃತಘ್ನತೆಯಾದೀತು. ಕ್ಯಾಮರೂನಿನ ಪ್ರಕರಣದಲ್ಲೂ ಹೀಗೆಯೇ ಆಯಿತು. 2018ರಲ್ಲಿ ಸೈನಿಕರು ಇಬ್ಬರು ಮಹಿಳೆಯರನ್ನೂ ಇಬ್ಬರು ಮಕ್ಕಳನ್ನೂ ಗುಂಡಿಟ್ಟು ಕೊಲ್ಲುವ ವಿಡಿಯೊ ಹರಡಿದಾಗ ಅಲ್ಲಿನ ಸರ್ಕಾರ ಅದನ್ನು ಸುಳ್ಳು ಸುದ್ದಿ ಎಂದಿತು. ಬಿಬಿಸಿಯ ತಂಡವೊಂದು ಜಾಲದಲ್ಲಿನ ಸ್ವತಂತ್ರ ವಿಶ್ಲೇಷಕರ ನೆರವಿನಿಂದ ಹಿನ್ನೆಲೆಯ ಬೆಟ್ಟಸಾಲಿನ ರೇಖೆಯನ್ನು ಹೋಲಿಸಿ ಊರನ್ನು ಪತ್ತೆಹಚ್ಚಿತು, ನೆರಳಿನ ಲೆಕ್ಕದಿಂದ ಘಟನೆ 2015ರ ಮಾರ್ಚ್ ಕೊನೆ ಮತ್ತು ಏಪ್ರಿಲ್ ಆರಂಭದ ನಡುವೆ ನಡೆದದ್ದೆಂದು ತೋರಿಸಿತು. 2020ರಲ್ಲಿ ನಾಲ್ವರು ಸೈನಿಕರಿಗೆ ಅದೇ ದೇಶದ ಸೇನಾ ನ್ಯಾಯಾಲಯ 10 ವರ್ಷಗಳ ಶಿಕ್ಷೆ ಕೊಟ್ಟಿತು.

ಇದೇ ವಿಧಾನದ ವೇಷ ತೊಟ್ಟು ಅನಾಹುತವೂ ಆಗಬಲ್ಲದು. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸ್ಫೋಟಗೊಂಡ ನಂತರ ರೆಡ್ಡಿಟ್ ಎಂಬ ಚರ್ಚಾತಾಣದಲ್ಲಿ ನೆರೆದ ಉತ್ಸಾಹಿಗಳು ಚಿತ್ರಗಳನ್ನು ಹೋಲಿಸಿ, ಕೆಲವು ವಾರಗಳಿಂದ ಕಾಣೆಯಾಗಿದ್ದ ವಿದ್ಯಾರ್ಥಿಯೊಬ್ಬನನ್ನು ಶಂಕಿತನೆಂದು ಸಾರಿದರು. ಆತನಿಗೂ ಸ್ಫೋಟಕ್ಕೂ ಯಾವ ಸಂಬಂಧವೂ ಇರಲಿಲ್ಲ. ಮುಂದೆ ಆತ ಶವವಾಗಿ ಸಿಕ್ಕಿದ. ಮಗನನ್ನು ಹುಡುಕುತ್ತಿದ್ದ ಕುಟುಂಬದ ಮೇಲೆ ಆ ರಾತ್ರಿ ಸುರಿದ ಬೈಗುಳಕ್ಕೆ ಹೊಣೆ ಹೊರುವವರು ಯಾರೂ ಇರಲಿಲ್ಲ. ಎಂಎಚ್17 ವಿಷಯದಲ್ಲಿ ನಡೆದದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಬುದ್ಧಿವಂತಿಕೆಯದಲ್ಲ, ವೇಗದ್ದು. ಒಂದು ತೀರ್ಮಾನವನ್ನು ತಪ್ಪೆಂದು ತೋರಿಸಲು ಇತರರಿಗೆ ಸಮಯ ಕೊಡದೆ ಹೆಸರನ್ನು ಬೀದಿಗೆ ತಂದರೆ, ಸಾವಿರ ಜೊತೆ ಕಣ್ಣುಗಳಿದ್ದರೂ ಅವು ಒಂದೇ ಕಡೆ ನೋಡುತ್ತಿರುತ್ತವೆ.

ಆರ್ಥಿಕ ವಿಷಯಗಳಲ್ಲಿ ಈ ಬಗೆಯ ಕೆಲಸಕ್ಕಿರುವ ಅವಕಾಶವನ್ನು ನಾವು ಇನ್ನೂ ಸರಿಯಾಗಿ ಗುರುತಿಸಿಲ್ಲ ಎಂದು ನನಗನಿಸುತ್ತದೆ. ವಿಶ್ವಬ್ಯಾಂಕ್ 2010ರಿಂದ ತನ್ನ ದತ್ತಾಂಶವನ್ನು ಉಚಿತವಾಗಿ ತೆರೆದಿಟ್ಟಿದೆ. ಅಂತರರಾಷ್ಟ್ರೀಯ ಯಾನದಲ್ಲಿರುವ 300 ಟನ್ನೇಜ್ ಮೀರಿದ ಹಡಗುಗಳು ತಮ್ಮ ಗುರುತು ಮತ್ತು ಸ್ಥಾನವನ್ನು ರೇಡಿಯೊ ಮೂಲಕ ಪ್ರಸಾರ ಮಾಡುವುದು ಕಡ್ಡಾಯವಾಗಿರುವುದರಿಂದ, ನಿರ್ಬಂಧಕ್ಕೊಳಗಾದ ದೇಶವೊಂದರ ತೈಲ ಯಾವ ಬಂದರಿಗೆ ಹೊರಟಿದೆ, ಯಾವ ಹಡಗು ನಡುದಾರಿಯಲ್ಲಿ ತನ್ನ ಸಂಕೇತದ ಪ್ರಸಾರವನ್ನು ನಿಲ್ಲಿಸಿಬಿಟ್ಟಿತು ಎಂಬುದನ್ನು ಮನೆಯಲ್ಲಿ ಕುಳಿತವರೂ ಗಮನಿಸಬಹುದಾಗಿದೆ. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ ಎಂಬ ಹಾರ್ವರ್ಡ್‌ನ ಇಬ್ಬರು ಖ್ಯಾತ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಪ್ರಬಂಧದ ಕಥೆ ಇಲ್ಲಿ ಪ್ರಸ್ತುತ. ಸಾರ್ವಜನಿಕ ಸಾಲವು ಒಟ್ಟು ದೇಶೀಯ ಉತ್ಪನ್ನದ ಶೇಕಡ 90ನ್ನು ಮೀರಿದ ದೇಶಗಳಲ್ಲಿ ಸರಾಸರಿ ಬೆಳವಣಿಗೆ ಸೊನ್ನೆಗಿಂತ ಕೆಳಗೆ, ಅಂದರೆ ಮೈನಸ್ ಶೇಕಡ 0.1ಕ್ಕೆ ಇಳಿದಿರುತ್ತದೆ ಎಂದು ಅದು ಹೇಳಿತ್ತು. ಅಮೆರಿಕ ಮತ್ತು ಯುರೋಪಿನಲ್ಲಿ ಸರ್ಕಾರಿ ವೆಚ್ಚ ಕಡಿತವನ್ನು ಸಮರ್ಥಿಸಿದ ರಾಜಕಾರಣಿಗಳು ಆ ಅಂಕಿಯನ್ನು ಮತ್ತೆ ಮತ್ತೆ ಉಲ್ಲೇಖಿಸಿದರು. 2013ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ಅವರು ತರಗತಿಯ ಅಭ್ಯಾಸಕ್ಕಾಗಿ ಅದೇ ಲೆಕ್ಕವನ್ನು ಮರುಮಾಡಲು ಹೋದಾಗ ಫಲಿತಾಂಶ ಹೊಂದಲಿಲ್ಲ. ಲೇಖಕರಿಂದಲೇ ಎಕ್ಸೆಲ್ ಕಡತವನ್ನು ಕೇಳಿ ಪಡೆದು ನೋಡಿದರೆ, ಸರಾಸರಿಯ ಸೂತ್ರದಲ್ಲಿ ಐದು ದೇಶಗಳ ಸಾಲುಗಳೇ ಬಿಟ್ಟುಹೋಗಿದ್ದವು. ಕೆಲವು ವರ್ಷಗಳ ದತ್ತಾಂಶವನ್ನು ಕೈಬಿಟ್ಟದ್ದನ್ನೂ ತೂಕ ನೀಡಿದ ಕ್ರಮವನ್ನೂ ಸೇರಿಸಿ ತಿದ್ದಿದಾಗ ಬೆಳವಣಿಗೆ ಶೇಕಡ 2.2 ಎಂದಾಯಿತು. ಮೂಲ ಲೇಖಕರು ಎಕ್ಸೆಲ್ ತಪ್ಪನ್ನು ಒಪ್ಪಿದರು, ಒಟ್ಟು ವಾದವನ್ನು ಬಿಟ್ಟುಕೊಡಲಿಲ್ಲ. ಆ ಚರ್ಚೆ ಇರಲಿ. ಮೂರು ವರ್ಷಗಳ ಕಾಲ ಆ ಅಂಕಿಯನ್ನು ಬಳಸಿದ ಹಣಕಾಸು ಸಚಿವಾಲಯಗಳೂ ಸಂಪಾದಕೀಯಗಳೂ ಕೇಳದ ಕಡತವನ್ನು ಒಬ್ಬ ವಿದ್ಯಾರ್ಥಿ ಕೇಳಿದ ಎಂಬುದು ಪತ್ರಿಕೋದ್ಯಮಕ್ಕೆ ಸಂಬಂಧಿಸಿದ ಸಂಗತಿ.

ಅಮೆರಿಕದ ಗೃಹಸಾಲದ ಗುಳ್ಳೆ ಒಡೆಯುವ ಹೊತ್ತಿನಲ್ಲಿ ಕ್ಯಾಲ್ಕ್ಯುಲೇಟೆಡ್ ರಿಸ್ಕ್ ಎಂಬ ಬ್ಲಾಗ್‌ನಲ್ಲಿ ‘ಟಾಂಟಾ’ ಎಂಬ ಗುಪ್ತನಾಮದಲ್ಲಿ ಬರೆಯುತ್ತಿದ್ದವರು ಗೃಹಸಾಲದ ಉದ್ಯಮದಲ್ಲಿ ದೀರ್ಘಕಾಲ ದುಡಿದಿದ್ದ ಡೋರಿಸ್ ಡಂಜಿ. ಸಾಲಪತ್ರಗಳು ಹೇಗೆ ಕಟ್ಟುಕಟ್ಟಾಗಿ ಮಾರಾಟವಾಗುತ್ತವೆ, ಯಾವ ಹಂತದಲ್ಲಿ ಯಾರ ಹೊಣೆ ಜಾರಿಹೋಗುತ್ತದೆ ಎಂಬುದನ್ನು ಅವರು ಎಷ್ಟು ಸ್ಪಷ್ಟವಾಗಿ ವಿವರಿಸಿದರೆಂದರೆ, ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಅರ್ಥಶಾಸ್ತ್ರಜ್ಞರೇ ತಮ್ಮ ಪ್ರಬಂಧದಲ್ಲಿ ಆ ಗುಪ್ತನಾಮವನ್ನು ಉಲ್ಲೇಖಿಸಿದರು. ಆರ್ಥಿಕ ಪತ್ರಿಕೋದ್ಯಮದಲ್ಲಿ ವರದಿಗಾರನು ಇಂದು ಬ್ಯಾಂಕು, ನಾಳೆ ಉಕ್ಕು, ನಾಡಿದ್ದು ಬಜೆಟ್ ಎಂದು ಓಡಬೇಕಾಗುತ್ತದೆ. ಒಂದೇ ವಿಷಯದಲ್ಲಿ ವರ್ಷಗಟ್ಟಲೆ ಮುಳುಗಿದವರಿಗೆ ಸಿಗುವ ಒಳನೋಟ ಆ ಓಟದಲ್ಲಿ ಸಿಗಲಾರದು.

ಅದೇ ಮಾರುಕಟ್ಟೆ ಪರಿಶೀಲಿಸದ ಮಾತಿಗೆ ಎಷ್ಟು ಬೇಗ ಬೆಚ್ಚುತ್ತದೆ ಎಂಬುದಕ್ಕೂ ಉದಾಹರಣೆಗಳಿವೆ. 2008ರ ಅಕ್ಟೋಬರ್‌ನಲ್ಲಿ ಸಿಎನ್‌ಎನ್‌ನ ನಾಗರಿಕ ವರದಿಗಳ ತಾಣವಾಗಿದ್ದ ಐರಿಪೋರ್ಟ್‌ನಲ್ಲಿ, ಸ್ಟೀವ್ ಜಾಬ್ಸ್ ಅವರಿಗೆ ಹೃದಯಾಘಾತವಾಗಿದೆ ಎಂದು ಯಾರೋ ಹಾಕಿದ ಸುಳ್ಳು ಸುದ್ದಿಗೆ ಆ್ಯಪಲ್ ಷೇರು ಕುಸಿದು, ನಿಜ ತಿಳಿದ ಮೇಲೆ ಚೇತರಿಸಿಕೊಂಡಿತು. ತಪ್ಪು ನಾಗರಿಕರ ಕಡೆಯಿಂದಲೇ ಬರುತ್ತದೆ ಎನ್ನುವವರು 2013ರ ಏಪ್ರಿಲ್ 23ನ್ನು ನೆನಪಿಸಿಕೊಳ್ಳಬೇಕು: ಅಸೋಸಿಯೇಟೆಡ್ ಪ್ರೆಸ್‌ನ ಟ್ವಿಟರ್ ಖಾತೆಗೆ ಕನ್ನ ಹಾಕಿದವರು ಶ್ವೇತಭವನದಲ್ಲಿ ಸ್ಫೋಟವಾಗಿದೆ ಎಂದು ಬರೆದಾಗ ಡೌ ಜೋನ್ಸ್ ಸೂಚ್ಯಂಕ ನಿಮಿಷಗಳಲ್ಲಿ ಸುಮಾರು 140 ಅಂಶ ಕುಸಿದಿತ್ತು. 2023ರ ಮೇ ತಿಂಗಳಲ್ಲಿ ಕೃತಕ ಬುದ್ಧಿಮತ್ತೆಯಿಂದ ತಯಾರಾದಂತೆ ಕಂಡ, ಪೆಂಟಗನ್ ಬಳಿಯ ಸ್ಫೋಟದ ಸುಳ್ಳು ಚಿತ್ರವೊಂದು ಮತ್ತೆ ಅದೇ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಮಾಡಿತು.

ಇನ್ನು ಜಾಗತಿಕ ರಾಜಕಾರಣದ ವ್ಯಾಖ್ಯಾನ. ಸ್ವತಂತ್ರ ಮಾಧ್ಯಮವೆಂದು ಕರೆದುಕೊಳ್ಳುವುದರ ಬಹುಪಾಲು ಇದೇ ಆಗಿದೆ, ಮತ್ತು ನನ್ನ ದೃಷ್ಟಿಯಲ್ಲಿ ಅತಿ ದುರ್ಬಲವಾದ ಭಾಗವೂ ಇದೇ. ಇದರ ಸಮರ್ಥಕರು ಸದಾ ಮುಂದಿಡುವ ಉದಾಹರಣೆ 2003ರ ಇರಾಕ್ ಯುದ್ಧ. ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂಬ ಸರ್ಕಾರದ ಹೇಳಿಕೆಯನ್ನು ಅಮೆರಿಕದ ದೊಡ್ಡ ಪತ್ರಿಕೆಗಳು ಹೆಚ್ಚಾಗಿ ಹಾಗೆಯೇ ಒಪ್ಪಿದವು ಎಂಬ ಆಕ್ಷೇಪ ನ್ಯಾಯವಾದದ್ದೇ. ನ್ಯೂಯಾರ್ಕ್ ಟೈಮ್ಸ್ 2004ರ ಮೇ 26ರಂದು ತನ್ನ ವರದಿಗಾರಿಕೆಯ ಲೋಪಗಳನ್ನು ಸಂಪಾದಕರ ಟಿಪ್ಪಣಿಯಲ್ಲಿ ಒಪ್ಪಿಕೊಂಡಿತು. ಆದರೆ ಆಗ ಸರಿಯಾಗಿ ಬರೆದವರು ಯಾರು? ನೈಟ್ ರಿಡರ್ ಪತ್ರಿಕಾ ಸಮೂಹದ ವಾಷಿಂಗ್ಟನ್ ಕಚೇರಿಯ ಜೊನಾಥನ್ ಲ್ಯಾಂಡೆ ಮತ್ತು ವಾರೆನ್ ಸ್ಟ್ರೋಬೆಲ್. ಅವರು ಸಚಿವರ ಬದಲು ಗುಪ್ತಚರ ಮತ್ತು ರಕ್ಷಣಾ ಇಲಾಖೆಗಳ ಮಧ್ಯಮ ಹಂತದ ಅಧಿಕಾರಿಗಳನ್ನು ಮಾತನಾಡಿಸುತ್ತಿದ್ದರು. ಮುಖ್ಯವಾಹಿನಿ ಹೇಳುವುದಕ್ಕೆ ವಿರುದ್ಧವಾದುದನ್ನು ಹೇಳಿದರೆ ಸಾಕೆಂಬ ಪಾಠವನ್ನು ಇರಾಕ್ ಕಲಿಸುವುದಿಲ್ಲ. ಮುಖ್ಯವಾಹಿನಿಯ ತಪ್ಪನ್ನು ತೋರಿಸಲು ಅದಕ್ಕಿಂತ ಹೆಚ್ಚು ದುಡಿಯಬೇಕೆಂಬುದು ಅಲ್ಲಿನ ಪಾಠ. ವಿದೇಶಾಂಗ ನೀತಿಯ ಬಗ್ಗೆ ದಿನಕ್ಕೊಂದು ವಿಡಿಯೊ ಮಾಡುವವರಲ್ಲಿ ಅನೇಕರು ಸುದ್ದಿಸಂಸ್ಥೆಗಳ ವರದಿಗಳನ್ನೇ ಆಧರಿಸಿ ಆ ಸುದ್ದಿಸಂಸ್ಥೆಗಳನ್ನೇ ಬಯ್ಯುತ್ತಾರೆ.

ದಾಖಲೆಯನ್ನು ಓದುವುದರಿಂದಲೇ ಏನು ಸಾಧ್ಯ ಎಂಬುದಕ್ಕೆ ಇಂಟರ್ನೆಟ್‌ಗಿಂತ ಹಿಂದಿನ ನಿದರ್ಶನ ಐ. ಎಫ್. ಸ್ಟೋನ್. ಕೆಲಸ ಕಳೆದುಕೊಂಡಿದ್ದ ಈ ಅಮೆರಿಕನ್ ಪತ್ರಕರ್ತ 1953ರಿಂದ 1971ರವರೆಗೆ ತನ್ನದೇ ಸಣ್ಣ ಪತ್ರಿಕೆಯನ್ನು ಚಂದಾದಾರರ ಹಣದಿಂದ ನಡೆಸಿದರು. 1957ರ ಸೆಪ್ಟೆಂಬರ್‌ನಲ್ಲಿ ನೆವಾಡಾದಲ್ಲಿ ನಡೆದ ಭೂಗತ ಅಣುಪರೀಕ್ಷೆಯ ಕಂಪನ 200 ಮೈಲಿಗಳಾಚೆ ಪತ್ತೆಯಾಗಲಿಲ್ಲ ಎಂದು ಪರಮಾಣು ಶಕ್ತಿ ಆಯೋಗ ಹೇಳಿದಾಗ, ಸ್ಟೋನ್ ಅವರು ಭೂಕಂಪ ದಾಖಲಿಸುವ ಸರ್ಕಾರಿ ಇಲಾಖೆಗೇ ಹೋಗಿ ವಿಚಾರಿಸಿದರು. ಅಲಾಸ್ಕಾದಲ್ಲಿ, ಸುಮಾರು 2,600 ಮೈಲಿ ದೂರದ ಕೇಂದ್ರದಲ್ಲೂ ಅದು ದಾಖಲಾಗಿತ್ತು. ಅಣುಪರೀಕ್ಷೆ ನಿಷೇಧ ಒಪ್ಪಂದ ಮಾಡಿಕೊಂಡರೆ ಕದ್ದು ನಡೆಸುವ ಪರೀಕ್ಷೆಗಳನ್ನು ಪತ್ತೆಹಚ್ಚಲಾಗದು ಎಂಬ ವಾದಕ್ಕೆ ಆಧಾರವಾಗಬಹುದಾಗಿದ್ದ ಆ ಅಂಕಿಯನ್ನು ಆಯೋಗ ತಿದ್ದಿಕೊಳ್ಳಬೇಕಾಯಿತು. ಸ್ಟೋನ್ ತಮ್ಮ ರಾಜಕೀಯ ಒಲವನ್ನು ಎಂದೂ ಮುಚ್ಚಿಟ್ಟವರಲ್ಲ. ಒಲವಿದ್ದರೂ ಪುರಾವೆ ನಿಲ್ಲುವಂತಿತ್ತು.

ಹಣದ ಪ್ರಶ್ನೆ ಇದಕ್ಕಿಂತ ತೊಡಕಿನದು. ಜಾಹೀರಾತುದಾರರ ಹಿಡಿತದಿಂದ ಪಾರಾಗಲು ಓದುಗರ ಚಂದಾ ಒಳ್ಳೆಯ ಮಾರ್ಗವೆಂದು ಎಲ್ಲರೂ ಹೇಳುತ್ತಾರೆ. ಲೇಖಕರು ಚಂದಾದಾರರಿಗೆ ನೇರವಾಗಿ ಬರಹ ಕಳುಹಿಸುವ ವೇದಿಕೆಯಾಗಿ 2017ರಲ್ಲಿ ಆರಂಭವಾದ ಸಬ್‌ಸ್ಟ್ಯಾಕ್, ಶೇಕಡ 10ರಷ್ಟನ್ನು ತಾನಿಟ್ಟುಕೊಂಡು ಉಳಿದದ್ದನ್ನು ಲೇಖಕರಿಗೆ ಬಿಡುವ ಏರ್ಪಾಟಿನಿಂದ ಅನೇಕ ಪತ್ರಕರ್ತರಿಗೆ ನೆಲೆ ಕೊಟ್ಟಿದೆ. ಚಂದಾದಾರನೂ ಒಬ್ಬ ಯಜಮಾನನೇ ಎಂಬುದನ್ನು ಮಾತ್ರ ಮರೆಯಬಾರದು. ತನ್ನ ಅಭಿಪ್ರಾಯಕ್ಕೆ ವಿರುದ್ಧವಾದ ಒಂದು ಲೇಖನ ಬಂದೊಡನೆ ಚಂದಾ ನಿಲ್ಲಿಸುವ ಐನೂರು ಜನರಿದ್ದರೆ, ಆ ಲೇಖನ ಬರೆಯುವ ಮುನ್ನ ಕೈ ತಡೆಯುತ್ತದೆ. ದೊಡ್ಡ ಪತ್ರಿಕೆಯಲ್ಲಿ ಈ ಒತ್ತಡವನ್ನು ಹಲವರು ಹಂಚಿಕೊಳ್ಳುತ್ತಾರೆ. ಒಬ್ಬಂಟಿ ಪತ್ರಕರ್ತನ ಮನೆಬಾಡಿಗೆಯೇ ಅದರ ಮೇಲೆ ನಿಂತಿರುತ್ತದೆ.

ಹಣ ಎಲ್ಲಿಂದ ಬರುತ್ತಿದೆ ಎಂದು ಬರೆಯುವವನಿಗೇ ತಿಳಿಯದ ಪರಿಸ್ಥಿತಿಯೂ ಇದೆ. 2020ರ ಸೆಪ್ಟೆಂಬರ್‌ನಲ್ಲಿ ಬಯಲಾದ ‘ಪೀಸ್ ಡೇಟಾ’ ಎಂಬ ತಾಣವು ಸ್ವತಂತ್ರ ಅಂತರರಾಷ್ಟ್ರೀಯ ಸುದ್ದಿತಾಣದಂತೆ ನಟಿಸುತ್ತಾ ನಿಜವಾದ ಹವ್ಯಾಸಿ ಲೇಖಕರಿಂದ ಹಣ ಕೊಟ್ಟು ಬರೆಸುತ್ತಿತ್ತು; ಅದರ ಹಿಂದೆ ರಷ್ಯಾದ ಇಂಟರ್ನೆಟ್ ರಿಸರ್ಚ್ ಏಜೆನ್ಸಿಗೆ ಸಂಬಂಧಿಸಿದವರಿದ್ದಾರೆ ಎಂದು ಫೇಸ್‌ಬುಕ್ ಹೇಳಿತು. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಯು, ರಷ್ಯಾದ ಸರ್ಕಾರಿ ವಾಹಿನಿ ಆರ್‌ಟಿಯ ಇಬ್ಬರು ಸಿಬ್ಬಂದಿ ಟೆನೆಸಿ ರಾಜ್ಯದ ಕಂಪನಿಯೊಂದರ ಮೂಲಕ ಸುಮಾರು 1 ಕೋಟಿ ಡಾಲರ್ ಹರಿಸಿ ಜನಪ್ರಿಯ ವ್ಯಾಖ್ಯಾನಕಾರರ ವಿಡಿಯೊಗಳಿಗೆ ಹಣ ಒದಗಿಸಿದರೆಂದು ಆರೋಪಪಟ್ಟಿ ಸಲ್ಲಿಸಿತು. ಆ ವ್ಯಾಖ್ಯಾನಕಾರರು ತಮಗೆ ಇದು ಗೊತ್ತಿರಲಿಲ್ಲ ಎಂದರು. ಅದು ನಿಜವೇ ಇರಬಹುದು, ಆದರೆ ಮುಖ್ಯವಾಹಿನಿಯ ಮಾಲೀಕರ ಬಗ್ಗೆ ದಿನವೂ ಪ್ರಶ್ನೆ ಎತ್ತುವವರು ತಮಗೆ ಅಷ್ಟು ದೊಡ್ಡ ಸಂಭಾವನೆ ಕೊಡುವವರು ಯಾರೆಂದು ವಿಚಾರಿಸಲಿಲ್ಲವೆಂದರೆ ನಂಬುವವರು ಕಷ್ಟಪಡಬೇಕಾಗುತ್ತದೆ. ಮೋಸಕ್ಕೆ ಸರ್ಕಾರವೇ ಬೇಕೆಂದೂ ಇಲ್ಲ. 2011ರಲ್ಲಿ ಡಮಾಸ್ಕಸ್‌ನ ಯುವತಿಯೊಬ್ಬಳ ಹೆಸರಿನಲ್ಲಿ ಸಿರಿಯಾದ ದಂಗೆಯ ಬಗ್ಗೆ ಬರುತ್ತಿದ್ದ ಬ್ಲಾಗ್ ಅನ್ನು ಜಗತ್ತಿನ ದೊಡ್ಡ ಪತ್ರಿಕೆಗಳೂ ಉಲ್ಲೇಖಿಸಿದ್ದವು. ಅದನ್ನು ಬರೆಯುತ್ತಿದ್ದವನು ಎಡಿನ್‌ಬರೋದಲ್ಲಿ ಓದುತ್ತಿದ್ದ ಅಮೆರಿಕನ್ ಪುರುಷ.

ಪತ್ರಕರ್ತನಿಗೆ ಮಾಲೀಕನಿಲ್ಲದಿದ್ದರೂ ವೇದಿಕೆಗೆ ಮಾಲೀಕನಿದ್ದಾನೆ. 2017ರಲ್ಲಿ ಯೂಟ್ಯೂಬ್ ಉಗ್ರವಾದಿ ವಿಡಿಯೊಗಳನ್ನು ಯಂತ್ರಕಲಿಕೆಯಿಂದ ಗುರುತಿಸಿ ತೆಗೆಯತೊಡಗಿದಾಗ, ಸಿರಿಯಾದಲ್ಲಿ ನಡೆದ ದೌರ್ಜನ್ಯಗಳನ್ನು ದಾಖಲಿಸಿದ್ದ ಸಾವಿರಾರು ವಿಡಿಯೊಗಳೂ ಅಳಿಸಿಹೋದವು. ಪ್ರಾಣದ ಹಂಗು ತೊರೆದು ಚಿತ್ರೀಕರಿಸಿದ್ದ ಕೆಲವರು ಅಷ್ಟರಲ್ಲಿ ಸತ್ತಿದ್ದರಿಂದ ಮರಳಿ ಹಾಕಲು ಯಾರೂ ಇರಲಿಲ್ಲ. ಸಿರಿಯನ್ ಆರ್ಕೈವ್‌ನಂತಹ ಗುಂಪುಗಳು ಮೊದಲೇ ಪ್ರತಿ ಮಾಡಿಟ್ಟುಕೊಂಡಿದ್ದರಿಂದ ಒಂದಷ್ಟು ಉಳಿಯಿತು. ಇದು ಬರಿಯ ನೆನಪಿನ ಪ್ರಶ್ನೆಯಲ್ಲ: ಅದೇ 2017ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ಲಿಬಿಯಾದ ಸೇನಾ ನಾಯಕನೊಬ್ಬನ ವಿರುದ್ಧ ಹೊರಡಿಸಿದ ಬಂಧನದ ವಾರಂಟು ಬಹುಮಟ್ಟಿಗೆ ಸಾಮಾಜಿಕ ಜಾಲತಾಣದ ವಿಡಿಯೊಗಳನ್ನೇ ಆಧರಿಸಿತ್ತು. ಸುದ್ದಿಗೆ ಹಣ ಪಾವತಿಸಬೇಕೆಂಬ ಕಾನೂನಿಗೆ ಪ್ರತಿಯಾಗಿ ಫೇಸ್‌ಬುಕ್‌ನ ಒಡೆತನದ ಕಂಪನಿ ಮೆಟಾ 2023ರ ಆಗಸ್ಟ್‌ನಿಂದ ಕೆನಡಾದಲ್ಲಿ ಸುದ್ದಿಯ ಕೊಂಡಿಗಳನ್ನೇ ತಡೆಹಿಡಿಯಿತು. ಕಾನೂನಿನ ಉದ್ದೇಶ ದೊಡ್ಡ ಕಂಪನಿಗಳನ್ನು ಮಣಿಸುವುದಾಗಿತ್ತು. ಓದುಗರನ್ನು ತಲುಪಲು ಫೇಸ್‌ಬುಕ್ ಬಿಟ್ಟರೆ ಬೇರೆ ದಾರಿಯಿಲ್ಲದ ಸಣ್ಣ ತಾಣಗಳಿಗೂ ಏಟು ಬಿತ್ತು.

ಇಷ್ಟೆಲ್ಲ ಆದ ಮೇಲೂ ಉಳಿಯುವ ಪ್ರಶ್ನೆ ರಕ್ಷಣೆಯದು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2011ರಲ್ಲಿ ಹೊರಡಿಸಿದ 34ನೇ ಸಾಮಾನ್ಯ ವ್ಯಾಖ್ಯೆಯು ಪತ್ರಿಕೋದ್ಯಮವನ್ನು ಪೂರ್ಣಕಾಲಿಕ ವರದಿಗಾರರಷ್ಟೇ ಅಲ್ಲದೆ ಬ್ಲಾಗ್ ಬರೆಯುವವರೂ ಸ್ವತಃ ಪ್ರಕಟಿಸುವವರೂ ನಿರ್ವಹಿಸುವ ಕಾರ್ಯವೆಂದು ಗುರುತಿಸಿದೆ. ಅಮೆರಿಕದ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2014ರಲ್ಲಿ ಮಾನನಷ್ಟದ ಪ್ರಕರಣಗಳಲ್ಲಿ ಬ್ಲಾಗ್ ಲೇಖಕರಿಗೂ ಪತ್ರಕರ್ತರಷ್ಟೇ ಸಾಂವಿಧಾನಿಕ ರಕ್ಷಣೆ ಇದೆ ಎಂದಿತು. ಕಾಗದದ ಮೇಲಿನ ಈ ಮಾನ್ಯತೆಯಿಂದ, ಕೋವಿಡ್ ಆರಂಭದ ದಿನಗಳಲ್ಲಿ ವುಹಾನ್‌ಗೆ ಹೋಗಿ ಆಸ್ಪತ್ರೆಗಳನ್ನೂ ಖಾಲಿ ಬೀದಿಗಳನ್ನೂ ಚಿತ್ರೀಕರಿಸಿದ ಮಾಜಿ ವಕೀಲೆ ಜಾಂಗ್ ಜಾನ್ ಅವರಿಗೆ 2020ರ ಡಿಸೆಂಬರ್‌ನಲ್ಲಿ ವಿಧಿಸಿದ 4 ವರ್ಷಗಳ ಜೈಲು ತಪ್ಪಲಿಲ್ಲ. ಅವರ ಮೇಲಿದ್ದ ಆರೋಪ, ಜಗಳ ತೆಗೆದು ಶಾಂತಿ ಕದಡಿದರು ಎಂಬುದು.

ಪ್ರಜಾಪ್ರಭುತ್ವ ರಾಷ್ಟ್ರಗಳಲ್ಲಿ ಅಸ್ತ್ರ ಬೇರೆಯಾಗಿರುತ್ತದೆ. ಮಾಲ್ಟಾದ ಡ್ಯಾಫ್ನೆ ಕರುವಾನಾ ಗಲಿಟ್ಸಿಯಾ ಅವರು ಅನುಭವಿ ಅಂಕಣಕಾರ್ತಿಯಾಗಿದ್ದರೂ ಅವರ ಮುಖ್ಯ ಬಹಿರಂಗಗಳೆಲ್ಲ ಹೊರಬಂದದ್ದು ಒಬ್ಬಂಟಿಯಾಗಿ ನಡೆಸುತ್ತಿದ್ದ ಬ್ಲಾಗ್‌ನಲ್ಲಿ. 2017ರ ಫೆಬ್ರವರಿಯಲ್ಲಿ ಅವರು ದುಬೈಯಲ್ಲಿ ನೋಂದಾಯಿತವಾದ ‘17 ಬ್ಲ್ಯಾಕ್’ ಎಂಬ ಕಂಪನಿಯ ಹೆಸರನ್ನು ಪ್ರಸ್ತಾಪಿಸಿದರು. ಅದೇ ತಿಂಗಳು ಸಚಿವರೊಬ್ಬರು ಹೂಡಿದ್ದ ಮಾನನಷ್ಟ ಮೊಕದ್ದಮೆಯ ನೆಪದಲ್ಲಿ ಅವರ ಬ್ಯಾಂಕ್ ಖಾತೆಗಳು ಜಪ್ತಿಯಾದವು. ಅಕ್ಟೋಬರ್ 16ರಂದು ಕಾರ್ ಬಾಂಬ್‌ಗೆ ಅವರು ಬಲಿಯಾದಾಗ ಅವರ ಮೇಲೆ 40ಕ್ಕೂ ಹೆಚ್ಚು ಮಾನನಷ್ಟ ಮೊಕದ್ದಮೆಗಳಿದ್ದವು, ಅವುಗಳಲ್ಲಿ ಹಲವು ಸಾವಿನ ನಂತರ ವಾರಸುದಾರರ ಹೆಗಲಿಗೆ ಬಂದವು. ಆ ಕಂಪನಿಯ ಒಡೆಯ ಮಾಲ್ಟಾದ ಅತಿ ಸಿರಿವಂತ ಉದ್ಯಮಿಗಳಲ್ಲಿ ಒಬ್ಬರೆಂದು ರಾಯಿಟರ್ಸ್ ಮತ್ತು ಟೈಮ್ಸ್ ಆಫ್ ಮಾಲ್ಟಾ ಪ್ರಕಟಿಸಿದ್ದು 2018ರ ನವೆಂಬರ್‌ನಲ್ಲಿ, ಅಂದರೆ ಹೆಸರು ಬ್ಲಾಗ್‌ನಲ್ಲಿ ಕಾಣಿಸಿಕೊಂಡ ಒಂದೂಮುಕ್ಕಾಲು ವರ್ಷದ ಮೇಲೆ.

ಇಂತಹ ಕಿರುಕುಳದ ಮೊಕದ್ದಮೆಗಳನ್ನು ಆರಂಭದಲ್ಲೇ ವಜಾ ಮಾಡಲು ಅವಕಾಶ ಕೊಡುವ ನಿರ್ದೇಶನವನ್ನು ಯುರೋಪಿಯನ್ ಒಕ್ಕೂಟ 2024ರ ಏಪ್ರಿಲ್‌ನಲ್ಲಿ ಅಂಗೀಕರಿಸಿತು. ಅದನ್ನು ಡ್ಯಾಫ್ನೆ ಕಾನೂನು ಎಂದೇ ಕರೆಯುತ್ತಾರೆ. ಸದಸ್ಯ ರಾಷ್ಟ್ರಗಳು ಅದನ್ನು ತಮ್ಮ ಕಾನೂನಿಗೆ ಅಳವಡಿಸಿಕೊಳ್ಳಲು 2026ರ ಮೇ 7ರ ಗಡುವನ್ನು ನಿಗದಿಪಡಿಸಲಾಯಿತು. ಆದರೆ ಅದು ಅನ್ವಯಿಸುವುದು ಗಡಿಯಾಚೆಗಿನ ಪರಿಣಾಮವಿರುವ ಸಿವಿಲ್ ಮೊಕದ್ದಮೆಗಳಿಗೆ ಮಾತ್ರ. ಒಂದೇ ದೇಶದ ಮಂತ್ರಿ ಅದೇ ದೇಶದ ಪತ್ರಕರ್ತೆಯ ಮೇಲೆ ಅದೇ ದೇಶದ ನ್ಯಾಯಾಲಯದಲ್ಲಿ ಹೂಡುವ, ಡ್ಯಾಫ್ನೆ ಅವರು ಎದುರಿಸಿದ್ದರಲ್ಲಿ ಬಹುಪಾಲಿನಂತಹ ಮೊಕದ್ದಮೆಗಳನ್ನು ಏನು ಮಾಡಬೇಕೆಂಬುದನ್ನು ನಿರ್ದೇಶನವು ಆಯಾ ಸರ್ಕಾರಗಳ ವಿವೇಚನೆಗೇ ಬಿಟ್ಟಿದೆ.